ಕೋಳಕ್ಕೆ ಹಾಕಿದ ಕಾಲು

ನನಗೆ ಹೆದರಿಕೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಧೈರ್ಯದ ಕಥೆ ಬೇಕಾದವರು ಬೇರೆ ಯಾರನ್ನಾದರೂ ಕೇಳಿಕೊಳ್ಳಲಿ.

ಕೋಳದಿಂದ ಬಿಡಿಸಿದ ಮೇಲೂ ಬೆಳಿಗ್ಗೆ ಎಚ್ಚರವಾದ ಕೂಡಲೇ ನಾನು ಕಣ್ಣು ಬಿಡುತ್ತಿರಲಿಲ್ಲ. ಮೊದಲು ಕೈ ಚಾಚಿ ಕಾಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಎರಡೂ ಬಿಡಿಯಾಗಿವೆ ಎಂದು ಗೊತ್ತಾದ ಮೇಲೆ ಕಣ್ಣು. ಯಾಕೆಂದರೆ ಆ ಮರ ಇನ್ನೂ ಮನೆಯಲ್ಲೇ ಇತ್ತು. ಆಡಿನ ಕೊಟ್ಟಿಗೆಯ ಹಿಂದುಗಡೆ, ಹುಲ್ಲಿನ ಹೊರೆಯ ಕೆಳಗೆ. ಹಲಸಿನ ಮರದ ಎರಡು ದಿಮ್ಮಿ. ಒಂದರ ಮೇಲೊಂದು ಕೂತರೆ ನಡುವೆ ಎರಡು ತೂತು. ತೂತಿನ ಅಂಚು ನುಣ್ಣಗಿತ್ತು. ಬಡಗಿ ಉಜ್ಜಿದ್ದಲ್ಲ. ನನ್ನ ಚರ್ಮ ಉಜ್ಜಿದ್ದು.

ನಮ್ಮ ಬೆಟ್ಟದ ಕಡೆ ಇದಕ್ಕೆ ಪಾಸುಂಗ್ ಅನ್ನುತ್ತಾರೆ. ಪೊಲೀಸರು ಹಾಕುವ ಕೋಳವಲ್ಲ. ಹುಚ್ಚು ಹಿಡಿದವರಿಗೆ ಮನೆಯವರೇ ಹಾಕುವ ಕೋಳ. ಅಪ್ಪ ಹಾಕುತ್ತಾನೆ, ಗಂಡ ಹಾಕುತ್ತಾನೆ. ನನಗೆ ಹಾಕಿದ್ದು ಅಣ್ಣ ಸಮಿದಿ. ಪ್ರೀತಿಯಿಂದ ಹಾಕಿದ್ದಂತೆ. ಓಡಿ ಹೋಗಿ ಬಾವಿಗೆ ಬೀಳಬಾರದು, ಯಾರಿಗೂ ಕಲ್ಲು ಹೊಡೆಯಬಾರದು ಅಂತ. ಆ ಪ್ರೀತಿಯಲ್ಲಿ ನಾನು ಕೂತಲ್ಲೇ ತಿಂದೆ, ಕೂತಲ್ಲೇ ಉಚ್ಚೆ ಹೊಯ್ದೆ, ಕೂತಲ್ಲೇ ಮುಟ್ಟಾದೆ. ಬಿದಿರಿನ ಅಟ್ಟದ ಸಂದಿನಿಂದ ಎಲ್ಲ ಕೆಳಗೆ ಬೀಳುತ್ತಿತ್ತು. ಪಕ್ಕದಲ್ಲಿ ಆಡುಗಳಿದ್ದವು. ಅವುಗಳ ಕೆಳಗೆ ಅಣ್ಣ ದಿನಾ ಗುಡಿಸುತ್ತಿದ್ದ. ನನ್ನ ಕೆಳಗೆ ಗುಡಿಸುತ್ತಿರಲಿಲ್ಲ. ಅತ್ತಿಗೆ ಪರ್ತಿಯ ಮಗಳು ಆಗ ತೊಟ್ಟಿಲಲ್ಲಿದ್ದಳು. ನನ್ನನ್ನು ಬಿಡಿಸುವ ಹೊತ್ತಿಗೆ ಸಮವಸ್ತ್ರ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಳು. ಅಷ್ಟು ಕಾಲ.

ಕಾಯಿಲೆ ನಿಜವಾಗಿಯೂ ಬಂದಿತ್ತು. ಇಲ್ಲ ಅನ್ನುವುದಿಲ್ಲ. ಸುರಬಾಯಾದ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರದ ಸದ್ದಿನೊಳಗೆ ಒಬ್ಬ ಗಂಡಸು ಮಾತಾಡತೊಡಗಿದ. "ಲಸಿಯೆಮ್, ಎಲ್ಲರಿಗೂ ಗೊತ್ತಾಗಿದೆ" ಅನ್ನುತ್ತಿದ್ದ. ಏನು ಗೊತ್ತಾಗಿದೆ ಎಂದು ಮಾತ್ರ ಹೇಳುತ್ತಿರಲಿಲ್ಲ. ಯಂತ್ರ ನಿಂತರೂ ಅವನು ನಿಲ್ಲಲಿಲ್ಲ. ಮೇಸ್ತ್ರಿ ಬಸ್ಸು ಹತ್ತಿಸಿ ಊರಿಗೆ ಕಳಿಸಿದ. ಊರಲ್ಲಿ ಆ ದನಿ ನಮ್ಮ ಕೇರಿಯ ಮುಖ್ಯಸ್ಥ ಪಾಕ್ ಕರ್ಸೊನ ಮನೆಯಿಂದ ಬಂದ ಹಾಗಾಯಿತು. ಅವನ ಕಿಟಕಿಗೆ ಕಲ್ಲು ಬೀಸಿದೆ. ಗಾಜು ಒಡೆಯಿತು. ಆ ವಾರವೇ ಅಣ್ಣ ಹಲಸಿನ ಮರ ಕಡಿದ.

ಬಿಡಿಸಿದವಳು ಬು ವೆನಿಂಗ್. ಸರ್ಕಾರಿ ಆರೋಗ್ಯ ಕೇಂದ್ರದ ನರ್ಸು. ತಲೆ ಕೆಟ್ಟವರನ್ನು ನೋಡಿಕೊಳ್ಳುವುದೇ ಅವಳ ಕೆಲಸ. ಕೊಟ್ಟಿಗೆಗೆ ಬಂದ ಮೊದಲ ದಿನ ಮೂಗು ಮುಚ್ಚಿಕೊಳ್ಳಲಿಲ್ಲ. ನನ್ನ ಎದುರಿಗೆ ಕೂರದೆ ಸ್ವಲ್ಪ ಓರೆಯಾಗಿ ಕೂತಳು, ನನಗೆ ಬಾಗಿಲು ಕಾಣುವ ಹಾಗೆ. "ಲಸಿಯೆಮ್, ಈಗ ನಿನ್ನ ಕೈ ಹಿಡ್ಕೋತೀನಿ, ನಾಡಿ ನೋಡೋಕೆ" ಎಂದು ಮೊದಲು ಹೇಳಿ ಆಮೇಲೆ ಮುಟ್ಟಿದಳು. ನಾನು ಅವಳ ಮೇಲೆ ಉಗಿದೆ. ಒರೆಸಿಕೊಂಡಳು.

"ಅವನು ಮಾತಾಡ್ತಾವ್ನೆ," ಎಂದೆ.

"ನಂಗೆ ಕೇಳಿಸ್ತಿಲ್ಲ. ಆದ್ರೆ ನಿಂಗೆ ಕೇಳಿಸ್ತಿದೆ ಅಂತ ಗೊತ್ತು. ಭಯ ಆಗ್ತಿರ್ಬೇಕಲ್ಲ?"

ಅಷ್ಟು ವರ್ಷ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ನನ್ನಿಂದ ಅವರಿಗೆ ಎಷ್ಟು ಭಯ ಅಂತಲೇ ಎಲ್ಲರೂ ಹೇಳುತ್ತಿದ್ದರು. ನಾನು ಗೊಳೋ ಎಂದು ಅತ್ತೆ.

ಅವಳು ವಾರವಾರ ಬಂದಳು. ಅಣ್ಣನನ್ನು ಒಪ್ಪಿಸಿದಳು. ಮಾತ್ರೆ ಶುರು ಮಾಡಿದಳು. ಆ ಗಂಡಸಿನ ದನಿ ಮೊದಲು ಪಕ್ಕದ ಮನೆಗೆ ಹೋಯಿತು, ಆಮೇಲೆ ಬೀದಿಯಾಚೆಗೆ, ಆಮೇಲೆ ಕೇಳಿಸಲೇ ಇಲ್ಲ. ಮರ ತೆಗೆದ ದಿನ ನನಗೆ ನಿಲ್ಲಲು ಬರಲಿಲ್ಲ. ಮೀನಖಂಡ ಕರಗಿ ಮೂಳೆಗೆ ಚರ್ಮ ಸುತ್ತಿದಂತಿತ್ತು. ಅಂಗಳದಲ್ಲಿ ಬಿದಿರಿನ ಗಳ ಕಟ್ಟಿಸಿ, ಅದನ್ನು ಹಿಡಿಸಿ ನಡೆಸಿದಳು. ಬಿದ್ದೆ. ಎದ್ದೆ. ಮಕ್ಕಳು ಬೇಲಿಯಾಚೆ ನಿಂತು ನಕ್ಕವು. "ನಗಲಿ ಬಿಡು, ಅವೂ ಹಿಂಗೇ ಬಿದ್ದು ಎದ್ದು ಕಲ್ತಿದ್ದು" ಎಂದಳು ಬು ವೆನಿಂಗ್.

ಮಾತ್ರೆ ಎರಡು. ಒಂದು ಬಿಳಿ, ಒಂದು ಹಳದಿ. ಅಂಗೈಯಲ್ಲಿಟ್ಟು ಹೇಳಿಕೊಟ್ಟಳು. "ಬಿಳಿದು ದನಿ ಓಡಿಸುತ್ತೆ. ಆದ್ರೆ ಅದು ಮೈನ ಸೆಟೆಸುತ್ತೆ. ಕುತ್ತಿಗೆ ತಿರುಚ್ಕೊಳ್ಳುತ್ತೆ, ನಾಲಿಗೆ ದಪ್ಪ ಆಗುತ್ತೆ, ಕಣ್ಣು ಮೇಲಕ್ಕೆ ಹೋಗುತ್ತೆ. ಅದು ಹಂಗಾಗ್ಬಾರ್ದು ಅಂತ ಈ ಹಳದಿದು. ಎರಡೂ ಜೊತೆಗೇ ನುಂಗ್ಬೇಕು. ಒಂದನ್ನ ಬಿಟ್ಟು ಒಂದು ಬೇಡ. ಆಯ್ತಾ?" ಇನ್ನೂ ಒಂದು ಕಲಿಸಿದಳು. ದನಿ ಮತ್ತೆ ಬಂದರೆ ಎರಡೂ ಕಿವಿ ಮುಚ್ಚಿಕೊಂಡು ಗಟ್ಟಿಯಾಗಿ ಗದರಿಸಬೇಕು. ಹೋಗು, ನೀನು ನಿಜವಾದ ದನಿಯಲ್ಲ, ನಿನ್ನ ಮಾತು ನಾನು ಕೇಳಲ್ಲ ಅಂತ. ಅವಳ ಜೊತೆ ನಾನೂ ಗದರಿಸಿ ಅಭ್ಯಾಸ ಮಾಡಿದೆ. ಇಬ್ಬರಿಗೂ ನಗು ಬಂತು.

ಆಮೇಲೆ ಅವಳಿಗೆ ಬೇರೆ ದ್ವೀಪಕ್ಕೆ ವರ್ಗವಾಯಿತು.

ನನ್ನ ಕಾಲು ಗಟ್ಟಿಯಾದ ಮೇಲೆ ಅಣ್ಣ ಅದಕ್ಕೆ ಕೆಲಸ ಹುಡುಕಿದ. ನಮ್ಮದು ತೆಂಪೆ ಮಾಡಿ ಮಾರುವ ಮನೆ. ಸೋಯಾ ಕಾಳು ಬೇಯಿಸಬೇಕು, ನೆನೆ ಹಾಕಬೇಕು, ಆಮೇಲೆ ದೊಡ್ಡ ಬುಟ್ಟಿಗೆ ಸುರಿದು ಕಾಲಿನಲ್ಲಿ ತುಳಿಯಬೇಕು. ಸಿಪ್ಪೆ ಬಿಡುವವರೆಗೂ ತುಳಿಯಬೇಕು. ಕಾಳು ಒಡೆಯಬಾರದು, ನಜ್ಜಾಗಬಾರದು. ಸಿಪ್ಪೆ ಉಳಿದರೆ ತೆಂಪೆ ಕಹಿ. ತೊಳೆದು ಮತ್ತೆ ಬೇಯಿಸಿ, ಆರಿಸಿ, ಹೆಪ್ಪು ಉದುರಿಸಿ, ಬಾಳೆ ಎಲೆಯಲ್ಲಿ ಕಟ್ಟಿಟ್ಟರೆ ಬೆಳ್ಳಗೆ ಬೂಷ್ಟು ಹಿಡಿದು ಗಟ್ಟಿಯಾಗುತ್ತದೆ. ತುಳಿಯುವುದು ನನ್ನ ಪಾಲು. ಪರ್ತಿಗೆ ಸೊಂಟ ನೋವು. ಅಣ್ಣನಿಗೆ ಅದು ಹೆಂಗಸರ ಕೆಲಸ. ಬೆಳಗಿನಿಂದ ಬಿಸಿಲೇರುವವರೆಗೂ ನಾನು ಬುಟ್ಟಿಯಲ್ಲಿ ನಿಂತು ತುಳಿದೆ. ಬೆರಳ ಸಂದು ಕೊಳೆತವು. ಹಳೆಯ ಗಾಯದ ಕಲೆಗೆ ಹುಳಿ ನೀರು ತಾಗಿ ಉರಿಯಿತು. ತುಳಿದೆ. ಕೋಳದಲ್ಲಿದ್ದ ಕಾಲಿಗೆ ಉರಿ ಒಂದು ಲೆಕ್ಕವೇ?

ಸಂತೆಯಲ್ಲಿ ಮಾರುವವಳು ಪರ್ತಿ. ಒಮ್ಮೆ ನಾನೂ ಹಿಂದೆ ಹೊರೆ ಹೊತ್ತು ಹೋಗಿದ್ದೆ.

"ಏನ್ ಹದ ಬಂದಿದ್ಯೇ ಯು ಪರ್ತಿ, ಈಗೀಗ ನಿನ್ ತೆಂಪೆ! ಯಾರ್ ತುಳಿಯೋದು?" ಎಂದಳು ಒಬ್ಬಳು. ಯು ಅಂದರೆ ನಮ್ಮಲ್ಲಿ ಅಕ್ಕ.

"ಇನ್ಯಾರು, ನಾನೇ," ಎಂದಳು ಪರ್ತಿ. "ಮಿಕ್ಕೋರ್ಗೆ ಬರೋದು ತಿನ್ನಕ್ಕೊಂದೇ."

ಆಚೆ ಬಂದ ಮೇಲೆ ನನ್ನನ್ನು ಗದರಿದಳು. "ನೀನು ಇನ್ಮೇಲೆ ಸಂತೆಗೆ ಬರ್ಬ್ಯಾಡ. ಹುಚ್ಚಿ ಕಾಲಲ್ಲಿ ತುಳ್ದಿದ್ದು ಅಂತ ಗೊತ್ತಾದ್ರೆ ನಾಯಿನೂ ಮೂಸಲ್ಲ."

ಹೀಗೆ ಊರೆಲ್ಲ ನನ್ನ ಕಾಲು ತುಳಿದದ್ದನ್ನು ಹುರಿದು ತಿಂದಿತು. ನನ್ನನ್ನು ಕಂಡರೆ ಮಾತ್ರ ದಾರಿ ಬದಲಿಸಿತು. ಪಾಕ್ ಕರ್ಸೊ ಮಸಾಲೆ ಹಚ್ಚಿದ ತೆಂಪೆ ಇಲ್ಲದೆ ಅನ್ನ ಮುಟ್ಟುವುದಿಲ್ಲವಂತೆ. ಕೇಳಿ ನನಗೆ ಹೊಟ್ಟೆ ಹಿಡಿದುಕೊಂಡು ನಗಬೇಕೆನಿಸಿತು. ನಗಲಿಲ್ಲ. ಕಾರಣ ಹೇಳದೆ ನಕ್ಕರೆ ಹುಚ್ಚು ಕೆದರಿತು ಅನ್ನುತ್ತಾರೆ. ಅತ್ತರೂ ಹಾಗೇ. ಸುಮ್ಮನಿದ್ದರೆ, ನೋಡಿ ಹೇಗೆ ಸುಮ್ಮನೆ ಕೂತಿದಾಳೆ ಅನ್ನುತ್ತಾರೆ. ಬಿಡುಗಡೆಯಾದ ಮೇಲೂ ನನ್ನ ಮುಖಕ್ಕೆ ಬಿಡುಗಡೆ ಇರಲಿಲ್ಲ.

ಆ ವರ್ಷ ಪಾಕ್ ಕರ್ಸೊನ ತಂಗಿಯ ಮಗ ಪೊಲೀಸರ ಕೈಗೆ ಸಿಕ್ಕಿಬಿದ್ದ. ಜೇಬಿನಲ್ಲಿ ಹಳದಿ ಮಾತ್ರೆ, ನಾನು ನುಂಗುತ್ತಿದ್ದಂಥದೇ. ನಮ್ಮ ಕಡೆ ಪಡ್ಡೆ ಹುಡುಗರು ಆ ಮಾತ್ರೆಯನ್ನು ಕದ್ದು ಮಾರುತ್ತಾರೆ, ಹತ್ತಾರು ಒಟ್ಟಿಗೆ ನುಂಗಿ ಅಮಲೇರಿಸಿಕೊಂಡು ಸೇತುವೆ ಕೆಳಗೆ ಬಿದ್ದಿರುತ್ತಾರೆ. ಪಾಕ್ ಕರ್ಸೊನಿಗೆ ಮರ್ಯಾದೆ ಹೋಯಿತು. ಮರ್ಯಾದೆ ಹೋದವನು ಯಾರ ಮೇಲಾದರೂ ಅದನ್ನು ತೀರಿಸಿಕೊಳ್ಳಬೇಕಲ್ಲ. ಸಭೆ ಕರೆದು, ನಮ್ಮ ಕೇರಿಯಲ್ಲಿ ಒಂದೂ ಹಳದಿ ಮಾತ್ರೆ ಇರಕೂಡದು ಎಂದು ಅಪ್ಪಣೆ ಮಾಡಿದ. ಅಣ್ಣ ಮನೆಗೆ ಬಂದವನೇ ನನ್ನ ಹಳದಿ ಮಾತ್ರೆಯ ಪೊಟ್ಟಣವನ್ನು ಬಚ್ಚಲಿಗೆ ಸುರಿದ.

"ಕಾಂಗ್!" ಎಂದೆ. ಅಣ್ಣನನ್ನು ನಾವು ಹಾಗೇ ಕರೆಯುವುದು. "ಅದು ನನ್ ಔಷಧಿ ಕಣೋ. ಅದಿಲ್ದೆ ಬಿಳಿದು ನುಂಗಂಗಿಲ್ಲ. ಬು ವೆನಿಂಗ್ ಹೇಳಿದ್ರಲ್ಲ, ನೀನೂ ಕೇಳುಸ್ಕೊಂಡಿದ್ದೆ."

"ಬು ವೆನಿಂಗ್ ಈಗ ಇಲ್ಲ. ಪಾಕ್ ಕರ್ಸೊ ಇದಾರೆ."

"ಅವ್ರೇನ್ ಡಾಕ್ಟ್ರಾ?"

"ನೀನು ಡಾಕ್ಟ್ರಾ?" ಎಂದ. "ಅಮಲು ಮಾತ್ರೆ ನುಂಗಿ ನುಂಗಿ ನಿಂಗೆ ಚಟ ಹತ್ತೈತೆ, ಅದ್ಕೇ ಒದ್ದಾಡ್ತಿದ್ದೀಯ. ಬಿಳಿದು ನುಂಗು. ನುಂಗಲಿಲ್ಲ ಅಂದ್ರೆ ಗೊತ್ತಲ್ಲ?"

ಗೊತ್ತಿತ್ತು. ಅವನ ಕಣ್ಣು ಕೊಟ್ಟಿಗೆ ಕಡೆ ಹೊರಳಿತು. ಔಷಧಿ ಬೇಡ ಅಂದರೆ ಹುಚ್ಚು ಮರುಕಳಿಸಿತು ಅನ್ನುತ್ತಾರೆ. ಒಂದೇ ಮಾತ್ರೆ ನುಂಗಿದರೆ ಮೈ ಸೆಟೆಯುತ್ತದೆ. ಎರಡು ದಾರಿಯೂ ಆ ಮರದ ಹತ್ತಿರವೇ ಹೋಗುತ್ತಿದ್ದವು. ಆರೋಗ್ಯ ಕೇಂದ್ರದಲ್ಲಿ ನನ್ನಂಥವರ ಮಾತ್ರೆಯನ್ನು ಮನೆಯವರ ಕೈಗೇ ಕೊಡುವುದು. ನನ್ನ ಬಾಯಿಯ ಕೀಲಿಕೈ ಅಣ್ಣನ ಜೇಬಿನಲ್ಲಿತ್ತು. ಹೆದರಿಕೆಯಿಂದ ಬಿಳಿ ಮಾತ್ರೆ ನುಂಗಿದೆ. ಮರುದಿನವೂ ನುಂಗಿದೆ.

ಅದರ ಮರುದಿನ ಬುಟ್ಟಿಯಲ್ಲಿ ನಿಂತು ತುಳಿಯುತ್ತಿದ್ದಾಗ ನಾಲಿಗೆ ಬಾಯಿ ತುಂಬಿತು. ದವಡೆ ಒಂದು ಕಡೆಗೆ ಜಗ್ಗಿತು. ಕುತ್ತಿಗೆ ತಾನೇ ತಾನಾಗಿ ಎಡಕ್ಕೆ ತಿರುಗತೊಡಗಿತು. ಬಟ್ಟೆ ಹಿಂಡಿದ ಹಾಗೆ ಯಾರೋ ಹಿಂಡುತ್ತಿದ್ದರು. ಕಣ್ಣು ಮೇಲಕ್ಕೆ ಹೋಗಿ ಆಕಾಶಕ್ಕೆ ಕಚ್ಚಿಕೊಂಡಿತು. ಎಷ್ಟು ಎಳೆದರೂ ಕೆಳಗೆ ಬರಲಿಲ್ಲ. ನನಗೆ ಎಲ್ಲ ಗೊತ್ತಾಗುತ್ತಿತ್ತು. ಇದು ಬಿಳಿ ಮಾತ್ರೆಯ ಕೆಲಸ, ಹಳದಿ ಕೊಟ್ಟರೆ ಸರಿಹೋಗುತ್ತದೆ ಎಂದು ಗೊತ್ತಿತ್ತು. ಹೇಳಲು ಹೋದೆ. ಬಾಯಿಂದ "ಆ... ಆ..." ಎಂದು ಬಂತು, ಜೊಲ್ಲು ಬಂತು.

ಪರ್ತಿ ನನ್ನನ್ನು ಬುಟ್ಟಿಯಿಂದ ಆಚೆ ಎಳೆದು ಕಿಟಾರನೆ ಕಿರುಚಿದಳು. "ಮೆಟ್ಕೊಂಡೈತೆ! ಬರ್ರಪ್ಪೋ, ಇವ್ಳಿಗೆ ಮೆಟ್ಕೊಂಡೈತೆ!"

ಕೇರಿ ಕೂಡಿತು. ನನಗೆ ಕಾಣುತ್ತಿದ್ದದ್ದು ತೆಂಗಿನ ಗರಿ ಮತ್ತು ಆಕಾಶ. ಮಿಕ್ಕಿದ್ದೆಲ್ಲ ಕೇಳಿಸಿದ್ದು. ಮಂತ್ರ ಹಾಕುವ ಮುದುಕನನ್ನು ಕರೆತಂದರು. ಹೆಸರು ಸೊಮೊ, ಊರಿಗೆಲ್ಲ ಎಂಬಾ ಸೊಮೊ, ಅಂದರೆ ಸೊಮೊ ಅಜ್ಜ. ಅವನು ನೀರಿಗೆ ಊದಿ ನನ್ನ ಮುಖಕ್ಕೆ ಉಗಿದ. ನನ್ನ ಕಾಲಿನ ಹೆಬ್ಬೆರಳನ್ನು ಹಿಡಿದು ಉಗುರು ಕಿತ್ತು ಬರುವ ಹಾಗೆ ಅದುಮಿದ.

"ಯಾರು ನೀನು? ಯಾವ ಊರೋನು? ಹೆಸ್ರು ಹೇಳು!"

ನಾನು ಲಸಿಯೆಮ್. ಇದೇ ಊರಿನವಳು. ನೀನು ಅದುಮುತ್ತಿರುವುದು ನನ್ನ ಕಾಲು. ಹೇಳಲು ಒದ್ದಾಡಿದೆ. "ಆ... ಆ..."

"ಹೆಸ್ರು ಹೇಳಲ್ಲ ಅಂತಾನೆ. ಹಟಮಾರಿ ಪಿಶಾಚಿ," ಎಂದ ಎಂಬಾ ಸೊಮೊ.

ಪಾಕ್ ಕರ್ಸೊನ ದನಿ ಕೇಳಿತು. ಇದು ನಿಜವಾದ ದನಿ. "ಸಮಿದಿ, ನಾನ್ ಅವತ್ತೇ ಹೇಳ್ಲಿಲ್ವ, ಆ ಅಮಲು ಮಾತ್ರೆ ಇವ್ಳ ತಲೆ ತಿಂದೈತೆ ಅಂತ. ಮರ ಇನ್ನೂ ಐತಲ್ಲ?"

ಹುಲ್ಲಿನ ಹೊರೆ ಎಳೆದ ಸದ್ದು ಕೇಳಿತು. ಲುಂಗಿಯಂತೆ ಸುತ್ತಿಕೊಂಡಿದ್ದ ಸರೋಂಗು ಒದ್ದೆಯಾಯಿತು. ಅಷ್ಟು ಜನರ ಎದುರಿಗೆ. ಎತ್ತಿಕೊಂಡು ಹೋದರು. ಕಾಲಿನ ಕೆಳಗೆ ಆ ತೂತಿನ ನುಣುಪು ತಾಗಿತು. ಕಾಲಿಗೆ ಜಾಗದ ಗುರುತು ಇತ್ತು. ಥೂ, ಅದು ತಾನಾಗಿಯೇ ಹೋಗಿ ಕೂತಿತು.

"ಒಂದೇ ಕಾಲು ಹಾಕ್ತೀನಿ, ಪಾಪ," ಎಂದ ಅಣ್ಣ. ಸುತ್ತಿಗೆಯಿಂದ ಬೆಣೆ ಬಡಿದ.

ಮಂತ್ರದ ನೀರಿನ ಜೊತೆ ಮಾತ್ರೆ ಬೆರೆಸಬಾರದು ಎಂದು ಎಂಬಾ ಸೊಮೊ ಹೇಳಿದ್ದ. ಹಾಗಾಗಿ ಅಣ್ಣ ಬಿಳಿ ಮಾತ್ರೆಯನ್ನೂ ನಿಲ್ಲಿಸಿದ. ಮಾತ್ರೆ ನಿಂತ ಮೇಲೆ ಸೆಟೆತ ಬಂದು ಹೋಗಿ ಮಾಡುತ್ತ ಮೆಲ್ಲಗೆ ಸಡಿಲಿತು. ಕಣ್ಣು ಕೆಳಗಿಳಿಯಿತು. ನಾಲಿಗೆ ತೆಳ್ಳಗಾಯಿತು. ಕುತ್ತಿಗೆ ಮಾತ್ರ ಓರೆಯಾಗಿ ಉಳಿಯಿತು. ನೋಡಿ, ಪಿಶಾಚಿ ಹೆದರಿತು ಎಂದು ಎಲ್ಲರೂ ಎಂಬಾ ಸೊಮೊನನ್ನು ಹೊಗಳಿದರು. ಕಾಲು ಮಾತ್ರ ಯಾರೂ ಬಿಡಿಸಲಿಲ್ಲ. ಮತ್ತೆ ಬಂದರೆ?

ನನಗೂ ಅದೇ ಭಯ. ಆದರೆ ನನ್ನ ಭಯ ಬೇರೆಯವನದು. ಮಾತ್ರೆ ನಿಂತರೆ ಆ ದನಿಯವನು ಬರುತ್ತಾನೆ. ಹೀಗೆ ಕಾಯುವುದು ಎಂಥದೆಂದು ಗೊತ್ತೇ? ಆಡು ಅರಚಿದರೆ ಅದು ಆಡೇ ಎಂದು ಪರೀಕ್ಷೆ ಮಾಡುತ್ತಿದ್ದೆ. ಕೋಳಿ ಕೂಗಿದರೆ ಎರಡು ಸಲ ಕೇಳಿಸಿಕೊಳ್ಳುತ್ತಿದ್ದೆ. ಕಾಲು ಮರದಲ್ಲಿ, ಕಿವಿ ಬಾಗಿಲಲ್ಲಿ. ಅವನು ಒಮ್ಮೆ ಒಳಗೆ ಬಂದರೆ ನಾನು ಹೇಳಿದ್ದು ನನಗೇ ನಂಬಿಕೆಯಾಗುವುದಿಲ್ಲ. ಆಗ ಈ ಮರ ಸತ್ತ ಮೇಲೇ ಬಿಡುವುದು.

ಅವನು ಬಂದ. ಮಧ್ಯಾಹ್ನದ ಬಿಸಿಲಿನಲ್ಲಿ, ಆಡು ಮೆಲುಕು ಹಾಕುವ ಸದ್ದಿನೊಳಗಿನಿಂದ, ಮೆಲ್ಲಗೆ. "ಲಸಿಯೆಮ್. ಎಲ್ಲರಿಗೂ ಗೊತ್ತಾಗಿದೆ."

ಎರಡೂ ಕಿವಿ ಮುಚ್ಚಿಕೊಂಡೆ. "ಹೋಗು! ನೀನು ನಿಜವಾದ ದನಿಯಲ್ಲ! ನಿನ್ ಮಾತು ನಾನ್ ಕೇಳಲ್ಲ! ಹೋಗು!"

ಊಟದ ತಟ್ಟೆ ಹಿಡಿದು ಬಂದ ಪರ್ತಿ ಬಾಗಿಲಲ್ಲೇ ತಟ್ಟೆ ಬಿಟ್ಟಳು. ಮರಗೆಣಸಿನ ಹಿಟ್ಟು ನೆಲದ ಪಾಲಾಯಿತು. "ಒಬ್ಳೇ ಬಯ್ಕೋತಾವ್ಳೆ! ಅಯ್ಯೋ, ನನ್ನೇ ಹೋಗು ಅಂತಾವ್ಳೆ, ನನ್ ಮನೆಯಿಂದ ನನ್ನೇ!"

"ನಿಂಗಲ್ಲ ಯು, ನಿಂಗಲ್ಲ" ಎಂದೆ. ಅವಳು ಆಗಲೇ ಓಡಿದ್ದಳು. ಗುಣವಾಗಲು ಕಲಿಸಿದ್ದನ್ನು ಮಾಡಿದರೂ ಹುಚ್ಚು. ನಾನು ಕೈಯನ್ನು ಬಾಯಿಗೆ ತುರುಕಿಕೊಂಡು ಅತ್ತೆ. ಸದ್ದು ಬಂದರೆ ಅದಕ್ಕೂ ಹೆಸರಿಡುತ್ತಾರೆ.

ಮರುದಿನ ಬೆಳಿಗ್ಗೆ ಅಣ್ಣ ಸುತ್ತಿಗೆ ಹಿಡಿದು ಬಂದ. ಹಿಂದೆ ಪರ್ತಿ. ಅಣ್ಣ ಬೆಣೆ ಬಡಿದು ಬಿಡಿಸಿದ, ಮೇಲಿನ ದಿಮ್ಮಿ ಎತ್ತಿದ. ನನಗೆ ನಂಬಿಕೆಯಾಗಲಿಲ್ಲ. ಅವನ ಕೈ ಹಿಡಿದುಕೊಂಡೆ. "ಕಾಂಗ್, ಆಸ್ಪತ್ರೆಗಾ?"

"ಕಾಳು ನೆನೆದೈತೆ," ಎಂದ. ನನ್ನ ಮುಖ ನೋಡಲಿಲ್ಲ. "ಪಾಕ್ ಕರ್ಸೊನ ಮೊಮ್ಮಗನ ಸುನ್ನತಿ ಊಟ. ದೊಡ್ಡ ಬುಟ್ಟಿ ತೆಂಪೆ ಕೇಳವ್ರೆ. ಇವತ್ತು ತುಳೀಲಿಲ್ಲ ಅಂದ್ರೆ ಹುಳಿ ಬಂದೋಯ್ತದೆ."

"ಆಮೇಲೆ?"

"ಆಮೇಲೆ ಅಂದ್ರೆ?"

"ತುಳಿದಾದ್ ಮೇಲೆ?"

ಅವನು ಸುತ್ತಿಗೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. ಪರ್ತಿಯೇ ಹೇಳಿದಳು. "ಆಮೇಲೆ ಮತ್ತೆ ಕೂತ್ಕೊಳ್ಳೋದು. ಇನ್ನೇನು, ಮಂಚ ಹಾಕ್ಸಿಕೊಡ್ಬೇಕಾ ರಾಣಿಗೆ? ಹೊತ್ತಾಯ್ತು, ಏಳು."

ತುಳಿಯುವ ಹೊತ್ತಿನಲ್ಲಿ ನನ್ನ ಕಾಲಿಗೆ ಹುಚ್ಚಿಲ್ಲ. ಬುಟ್ಟಿಯಿಂದ ಇಳಿದ ಕೂಡಲೇ ಹುಚ್ಚು. ಕೆಲಸಕ್ಕೆ ಬಿಚ್ಚಿ ಕೆಲಸವಾದ ಮೇಲೆ ಕಟ್ಟುವುದು. ಎತ್ತಿಗೂ ಹಾಗೇ ಮಾಡುತ್ತಾರೆ. ಆದರೆ ಎತ್ತಿಗೆ ಹುಲ್ಲು ಹಾಕುವಾಗ ಹುಚ್ಚೆತ್ತು ಅನ್ನುವುದಿಲ್ಲ.

ಹೆದರಿಕೆ ಹೋಯಿತು ಎಂದು ಹೇಳಿದರೆ ಸುಳ್ಳು. ಇನ್ನೂ ಜಾಸ್ತಿಯಾಯಿತು. ಬೇಡ ಅಂದರೆ ಎರಡು ಕಾಲನ್ನೂ ಹಾಕಬಹುದು. ಮತ್ತೆ ಮಗು ಹುಟ್ಟಿ ಶಾಲೆಗೆ ಹೋಗುವಷ್ಟು ಕಾಲ ಹಾಕಬಹುದು. ಹಲ್ಲು ಕಟಕಟ ಅನ್ನುತ್ತಿತ್ತು. ಹಾಗೇ ಹೇಳಿದೆ.

"ತುಳಿಯಲ್ಲ."

"ಏನಂದೆ?"

"ಕೋಳಕ್ಕೆ ಹಾಕಿದ್ ಕಾಲು ನಿನ್ ಕಾಳು ತುಳಿಯಲ್ಲ."

"ನೋಡ್ದ್ಯಾ," ಎಂದಳು ಪರ್ತಿ, "ತಲೆ ಕೆಟ್ಟೈತೆ."

"ಕೆಟ್ಟೈತೆ ಯು. ಕೆಡ್ತಾ ಐತೆ. ಅವನ ದನಿ ನಿನ್ನೆಯಿಂದ ಕೇಳುಸ್ತಾ ಐತೆ. ನಾನು ಸುಳ್ಳು ಹೇಳಲ್ಲ. ಅದ್ಕೇ ನಂಗೆ ಮಾತ್ರೆ ಬೇಕು, ಎರಡೂ ಬೇಕು. ತಲೆ ಕೆಟ್ಟಿದ್ರೆ ಔಷಧಿ ಕೊಡ್ಸಿ. ಕೆಟ್ಟಿಲ್ಲ ಅಂದ್ರೆ ಕಾಲು ಬಿಡಿ. ಎರಡ್ರಲ್ಲಿ ಒಂದು ಹೇಳಿ. ಕಾಳಿಗೊಂದು ಕಾಲು, ಮರಕ್ಕೊಂದು ಕಾಲು ಅಂದ್ರೆ ಆಗಲ್ಲ."

ಅಣ್ಣ ಕೂಗಿದ. "ನಿಂಗೋಸ್ಕರ ಎಷ್ಟ್ ಮಾಡಿದೀನಿ! ಊರೋರೆಲ್ಲ ಉಗೀತಿದ್ರೂ ಮನೇಲಿಟ್ಕೊಂಡು ಅನ್ನ ಹಾಕ್ಲಿಲ್ವ?"

"ಕೊಟ್ಟಿಗೇಲಿಟ್ಕೊಂಡೆ," ಎಂದೆ. "ಅನ್ನ ಹಾಕ್ದೆ. ಈಗ ಆ ಅನ್ನ ನಾನೇ ತುಳ್ದು ತರ್ತಾ ಇದೀನಿ, ನಿಮ್ಗೂ ಸೇರ್ಸಿ."

ಅವನ ಕೈ ಮೇಲೆದ್ದಿತು, ಸುತ್ತಿಗೆ ಸಮೇತ. ಹೊಡೆಯುತ್ತಾನೆ ಎಂದುಕೊಂಡು ತಲೆ ಮುಚ್ಚಿಕೊಂಡೆ. ಹೊಡೆಯಲಿಲ್ಲ. ಕೈ ಅಲ್ಲೇ ನಿಂತಿತ್ತು. ಆಗ ನನ್ನ ಕಾಲು ನೋಡಿದೆ. ತೂತಿನಲ್ಲಿತ್ತು, ಆದರೆ ಮೇಲಿನ ದಿಮ್ಮಿ ಇರಲಿಲ್ಲ. ಯಾರೂ ಹಿಡಿದಿರಲಿಲ್ಲ. ನಾನೇ ಅಲ್ಲಿ ಇಟ್ಟುಕೊಂಡು ಕೂತಿದ್ದೆ.

ಎತ್ತಿದೆ. ಎದ್ದು ನಿಂತೆ. ಗೋಡೆ ಹಿಡಿದು ಬಾಗಿಲಿಗೆ ಬಂದೆ. ಅಂಗಳದಲ್ಲಿ ಕಾಳಿನ ಬುಟ್ಟಿ ಇತ್ತು. ಅದರಾಚೆ ಪಾಕ್ ಕರ್ಸೊ, ತೆಂಪೆಯ ವಿಚಾರ ಕೇಳಲು ಬೈಕಿನಲ್ಲಿ ಬಂದವನು. ಓರೆ ಕುತ್ತಿಗೆಯ ನನ್ನನ್ನು ಕಂಡವನೇ ಬೈಕಿನ ಹಿಂದೆ ಸರಿದ.

"ಹಿಡ್ಕೊಳ್ರೋ! ಕಲ್ಲು ತಗೊಂಡ್ಗಿಗೊಂಡಾಳು!"

ಬೇಲಿಯ ಆಚೆ ನಾಲ್ಕೈದು ಗಂಡಸರಿದ್ದರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಿಶಾಚಿ ಮೆಟ್ಟಿಕೊಂಡವಳನ್ನು ಮುಟ್ಟಿದರೆ ತಮಗೂ ಅಂಟೀತು ಎಂಬ ದಿಗಿಲು. ನನ್ನನ್ನು ಮರಕ್ಕೆ ಹಾಕಿದ ಅದೇ ದಿಗಿಲು ಆ ದಿನ ದಾರಿ ಬಿಟ್ಟಿತು. ನಾನು ಕೈಯಲ್ಲಿ ಏನನ್ನೂ ತೆಗೆದುಕೊಳ್ಳಲಿಲ್ಲ. ಕೋಲೂ ಇಲ್ಲದೆ ನಡೆದೆ. ಬೆಟ್ಟದ ಇಳಿಜಾರು, ಜಲ್ಲಿ ರಸ್ತೆ, ಬರಿಗಾಲು. ಮಂಡಿ ತಾಳ ತಪ್ಪುತ್ತಿತ್ತು. "ಎಲ್ಲರಿಗೂ ಗೊತ್ತಾಗಿದೆ" ಎಂದು ಅವನು ಜೊತೆಯಲ್ಲೇ ಬರುತ್ತಿದ್ದ. ದಾರಿಯಲ್ಲಿ ಗದರಿಸುವ ಹಾಗಿರಲಿಲ್ಲ, ಜನ ನೋಡುತ್ತಿದ್ದರು. ತುಟಿ ಕಚ್ಚಿಕೊಂಡು ಒಳಗೇ ಗದರಿಸಿದೆ. ಎರಡು ಸಲ ಬಿದ್ದೆ. ಯಾರೂ ಎತ್ತಲಿಲ್ಲ. ಎದ್ದೆ.

ಆರೋಗ್ಯ ಕೇಂದ್ರದಲ್ಲಿ ಉದ್ದ ಸಾಲು. ಮಕ್ಕಳಿಗೆ ಚುಚ್ಚಿಸಲು ಬಂದ ತಾಯಂದಿರು, ಕೆಮ್ಮುವ ಮುದುಕರು. ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂತು.

"ಏನಮ್ಮ ಕಾಯಿಲೆ?" ಎಂದ ಕಿಟಕಿಯೊಳಗಿನ ಗುಮಾಸ್ತ.

ಮೆಲ್ಲಗೆ ಹೇಳಬಹುದಿತ್ತು. ಮೆಲ್ಲಗೆ ಹೇಳಿದ್ದು ಯಾರಿಗೂ ಕೇಳಿಸದೆ ನಾನು ಅಷ್ಟು ವರ್ಷ ಕೊಟ್ಟಿಗೆಯಲ್ಲಿದ್ದೆ. "ಇಲ್ಲದ ದನಿ ಕೇಳ್ಸೋ ಕಾಯಿಲೆ," ಎಂದೆ. "ಮಾತ್ರೆ ತಗೊಂಡ್ರೆ ಕೇಳ್ಸಲ್ಲ. ಬಿಳಿದು ಒಂದನ್ನೇ ಕೊಟ್ರು, ಹಳದಿದು ಕಿತ್ಕೊಂಡ್ರು, ಕುತ್ತಿಗೆ ಹಿಂಗಾಯ್ತು."

ಹಿಂದೆ ನಿಂತಿದ್ದವಳು ಮಗುವನ್ನು ಎದೆಗವಚಿಕೊಂಡು ಸರಿದಳು. ಸಾಲು ವಕ್ರವಾಯಿತು. ನನ್ನ ಸುತ್ತ ಜಾಗ ಖಾಲಿ. ಒಳಗಿನಿಂದ ಹೊಸ ನರ್ಸು ಹುಡುಗಿ ಎದ್ದು ಬಂದಳು. ಅವಳಿಗೂ ಭಯವಿತ್ತು. ಮುಟ್ಟಲೋ ಬೇಡವೋ ಎಂದು ಕೈ ಹಿಂದೆ ಮುಂದೆ ಮಾಡಿ, ಕೊನೆಗೆ ಮುಟ್ಟಿದಳು. ಕುತ್ತಿಗೆ ನೋಡಿದಳು, ನಾಲಿಗೆ ಚಾಚಲು ಹೇಳಿದಳು. ತೋಳಿಗೆ ಸೂಜಿ ಚುಚ್ಚಿದಳು. ಚೀಟಿ ಬರೆದು ಕಿಟಕಿಗೆ ಕೊಟ್ಟಳು. ಎರಡೂ ಮಾತ್ರೆ ಬರೆದಿದ್ದಳು.

ಗುಮಾಸ್ತ ಪೊಟ್ಟಣ ಕಟ್ಟಿದ. ನಾನು ಕೈ ಚಾಚಿದೆ. ಅವನು ಕೊಡಲಿಲ್ಲ. ನನ್ನ ತಲೆಯ ಮೇಲಿಂದ ಹಿಂದೆ ನೋಡಿದ. ತಿರುಗಿದೆ. ಬಾಗಿಲಲ್ಲಿ ಅಣ್ಣ ನಿಂತಿದ್ದ. ಪಾಕ್ ಕರ್ಸೊನ ಬೈಕು ಹೊರಗಿತ್ತು. ಅಣ್ಣನ ಪ್ಯಾಂಟಿನ ಜೇಬಿನಿಂದ ಸುತ್ತಿಗೆಯ ಹಿಡಿ ಕಾಣುತ್ತಿತ್ತು. ಅವಸರದಲ್ಲಿ ಹಾಗೇ ಬಂದಿದ್ದ. ಕಿಟಕಿಯ ಕಟ್ಟೆ ಹಿಡಿದುಕೊಂಡೆ.

"ನೀವು ಇವ್ರ ಮನೆಯೋರಾ?" ಎಂದ ಗುಮಾಸ್ತ.

"ಅಣ್ಣ," ಎಂದ ಅಣ್ಣ. ಕೈ ಮುಂದೆ ಮಾಡಿದ.

"ಸದ್ಯ ಬಂದ್ರಲ್ಲ. ಇಂಥೋರ ಔಷಧಿ ಮನೆಯೋರ ಕೈಗೇ ಕೊಡ್ಬೇಕು. ಇವ್ರನ್ನ ಕರ್ಕೊಂಡ್ ಬಂದೋರು ನೀವೇ ತಾನೆ?" ಪೊಟ್ಟಣ ನನ್ನ ತಲೆಯ ಮೇಲಿಂದ ಹೊರಟಿತು.

ನಾನು ಅದನ್ನು ಹಿಡಿದುಕೊಂಡೆ. ಗುಮಾಸ್ತನ ಕೈ ಸಮೇತ ಹಿಡಿದುಕೊಂಡೆ.

"ಇವ್ನಲ್ಲ," ಎಂದೆ. ಇನ್ನೊಂದು ಕೈಯಿಂದ ಸರೋಂಗನ್ನು ಮೀನಖಂಡದವರೆಗೆ ಎತ್ತಿದೆ. ಅಷ್ಟು ಜನರ ಎದುರಿಗೆ. ಹಳೆಯ ಕಲೆ ಬಳೆಯ ಹಾಗೆ ಎರಡು ಕಾಲಿಗೂ ಸುತ್ತಿಕೊಂಡಿತ್ತು. ಒಂದು ಕಾಲಿನ ಕಲೆಯ ಮೇಲೆ ಹೊಸ ಗಾಯ. ಜಲ್ಲಿ ತಾಗಿ ಪಾದದಿಂದ ನೆತ್ತರು ಇಳಿದಿತ್ತು. "ನನ್ನ ಕರ್ಕೊಂಡ್ ಬಂದಿದ್ದು ಇವು. ನನ್ನ ಮನೆಯೋರು ಅಂದ್ರೆ ಇವೇ. ಇವಕ್ಕೆ ಕೊಡಿ."

ಒಂದು ಮಗು ಅತ್ತಿತು. ನರ್ಸು ಹುಡುಗಿ ನನ್ನ ಕಾಲು ನೋಡಿದಳು, ಅಣ್ಣನ ಜೇಬು ನೋಡಿದಳು. "ಅವ್ರ ಕೈಗೇ ಕೊಡಿ," ಎಂದಳು ಗುಮಾಸ್ತನಿಗೆ. ಗುಮಾಸ್ತ ಬೆರಳು ಸಡಿಲಿಸಿದ.

ಪೊಟ್ಟಣ ಬಿಚ್ಚಿದೆ. ಒಂದು ಮಾತ್ರೆ ನೆಲಕ್ಕೆ ಬಿತ್ತು. ಇನ್ನೊಂದು ತೆಗೆದೆ. ಬಿಳಿಯದೊಂದು, ಹಳದಿಯದೊಂದು, ಎರಡನ್ನೂ ಅಂಗೈಯಲ್ಲಿಟ್ಟುಕೊಂಡೆ. ಅಣ್ಣ ಬಾಗಿಲಲ್ಲೇ ನಿಂತಿದ್ದ, ಒಳಗೂ ಬಾರದೆ, ಹೋಗದೆ. ಎಲ್ಲರಿಗೂ ಗೊತ್ತಾಗಿದೆ, ಎಂದ ಆ ದನಿಯವನು ಕಿವಿಯಲ್ಲಿ. ಹೌದು, ಗೊತ್ತಾಗಿದೆ.

"ಸ್ವಲ್ಪ ನೀರು ಕೊಡ್ತೀರಾ?" ಎಂದು ಕೇಳಿದೆ.

ಮಗುವನ್ನು ಅವಚಿಕೊಂಡು ಸರಿದಿದ್ದವಳು ತನ್ನ ಸೀಸೆಯ ಮುಚ್ಚಳ ತೆಗೆದು, ಕೈ ಉದ್ದ ಮಾಡಿ, ದೂರದಿಂದಲೇ ಕೊಟ್ಟಳು.